ಹಳೆಯ ಪಿಕಪ್ಪು, ಹೊಸ ಪ್ರೇಮ

ಅಮೆರಿಕದ ಮೈಕೇಲ್ ಪೆರ್ರಿ 2006ರಲ್ಲಿ ಪ್ರಕಟಿಸಿದ ‘ಟ್ರಕ್: ಎ ಲವ್ ಸ್ಟೋರಿ’ಯನ್ನು, ನಟ್ಟು-ಬೋಲ್ಟಿನ ಪುಸ್ತಕ ನನಗೇಕೆ ಎಂದುಕೊಂಡೇ ತೆರೆದೆ. ವಿಸ್ಕಾನ್ಸಿನ್ನಿನ ಊರೊಂದರಲ್ಲಿ ತನ್ನ 1951ರ ಇಂಟರ್‌ನ್ಯಾಷನಲ್ ಪಿಕಪ್ಪನ್ನು ಮತ್ತೆ ಓಡಿಸಬೇಕೆಂಬ ಹಟ ಆತನದು. ನಡುವೆ ಕೈತೋಟ, ನಡುವೆ ಪ್ರೇಮ. ಗಾಡಿಯ ಕಷ್ಟದ ಕೆಲಸದಲ್ಲಿ ನೆಂಟನ ಪಳಗಿದ ಕೈಯೇ ಮುಖ್ಯವೆಂದು ಆತ ಮುಚ್ಚುಮರೆಯಿಲ್ಲದೆ ಒಪ್ಪುತ್ತಾನೆ. ನನಗೆ ಹಿಡಿಸಿದ್ದು ಇದೇ.

ತಕರಾರೂ ಇದೆ. ತುಕ್ಕು ಹಿಡಿದ ತಗಡನ್ನು ಅಷ್ಟು ತಾಳ್ಮೆಯಿಂದ ನೋಡುವವನು, ಪುಟ್ಟ ಮಗಳೊಂದಿಗೆ ಬಾಳಿಗೆ ಬಂದ ಆ ಹೆಣ್ಣಿನ ಅಂಜಿಕೆಗಳ ಬಳಿ ಇನ್ನೂ ಸ್ವಲ್ಪ ನಿಲ್ಲಬೇಕಿತ್ತು. ಅವಳ ಮಾತು ನನಗೆ ಸಾಲಲಿಲ್ಲ.

ನಮ್ಮ ಅಂಗಳದಲ್ಲೂ ಹಳೆಯ ಜೀಪೊಂದಿದೆ. ಇವರು ಅದರಡಿ ಮಲಗಿ ಕಳೆದ ಭಾನುವಾರಗಳ ಲೆಕ್ಕ ನನ್ನಲ್ಲಿದೆ. ತಕರಾರು ಅಲ್ಲಿಂದಲೇ ಹುಟ್ಟಿದ್ದೋ ಏನೋ! ಪುಸ್ತಕ ಮುಗಿಸಿದ ಸಂಜೆ, ಇವರಿಲ್ಲದಾಗ, ಅದರ ಬಾನೆಟ್ಟು ಎತ್ತಿ ನೋಡಿದೆ.