ಬಿಟ್ಟು ಬಂದವರ ಪಾಠ

ಈಚಿನ ಲೈಫ್ ಕೋಚ್‌ಗಳ ಪರಿಚಯಪತ್ರಕ್ಕೆ ಒಂದು ಅಚ್ಚು ಸಿದ್ಧವಾಗಿದೆ. ಹದಿನೆಂಟೋ ಇಪ್ಪತ್ತೋ ವರ್ಷ ದೊಡ್ಡ ಕಂಪನಿಯಲ್ಲಿ ದುಡಿಮೆ, ಕೈತುಂಬ ಸಂಬಳ, ದೇಶ ವಿದೇಶಗಳ ಓಡಾಟ. ನಡುವೆ ಒಂದು ದಿನ ಎದೆನೋವು. ಅದರ ಬೆನ್ನಿಗೇ ಅಪ್ಪನಿಗೆ ಲಕ್ವವೋ, ಮಗುವಿನ ಕಾಯಿಲೆಯೋ, ಮುರಿಯುವ ಹಂತಕ್ಕೆ ಬಂದ ಸಂಸಾರವೋ. ಆಮೇಲೆ ರಾಜೀನಾಮೆ, ಜ್ಞಾನೋದಯ. ಕೊನೆಯ ಸಾಲಿನಲ್ಲಿ ಶುಲ್ಕದ ವಿವರ.

ಬೆಂಗಳೂರಿನ ಈ ಕಸುಬು ಬಳ್ಳಾರಿ ರಸ್ತೆ ಹಿಡಿದು ಚಿಕ್ಕಬಳ್ಳಾಪುರದ ಕಡೆಗೂ ಬಂದಿದೆ. ರಾಜಧಾನಿಯ ದಣಿವನ್ನು ಇಳಿಸುವ ಜಾಗವಾಗಿ ಈ ಸೀಮೆ ಬದಲಾಗಿ ಕೆಲವು ಕಾಲವಾಯಿತು. ನಂದಿಯ ತಪ್ಪಲಲ್ಲಿ ವಾರಾಂತ್ಯದ ತಂಗುದಾಣಗಳಿವೆ, 2023ರ ಜನವರಿಯಲ್ಲಿ ಆವಲಗುರ್ಕಿಯ ಹತ್ತಿರ 112 ಅಡಿಯ ಆದಿಯೋಗಿ ಪ್ರತಿಮೆ ಎದ್ದು ನಿಂತಿದೆ. ಶನಿವಾರ ಬೆಳಿಗ್ಗೆ ಕಾರಿನಲ್ಲಿ ಬಂದು ಭಾನುವಾರ ಸಂಜೆಗೆ ಹೊಸ ಮನುಷ್ಯರಾಗಿ ಮರಳುವ ಆಸೆಗೆ ಇಲ್ಲಿ ಮಾರುಕಟ್ಟೆ ಇದೆ.

ಈ ಕಸುಬಿನ ಗುಣವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಬುದ್ಧಿಮಾತಿಗೆ ಬರವಿಲ್ಲ. ಸೋದರಮಾವ, ಚಿಕ್ಕಪ್ಪ, ಎದುರು ಮನೆಯವರು, ಬಸ್ಸಿನಲ್ಲಿ ಪಕ್ಕ ಕೂತವರು, ಎಲ್ಲರೂ ಧಾರಾಳವಾಗಿ ಕೊಡುತ್ತಾರೆ. ಎದುರಿಗಿರುವವನ ಮಾತನ್ನು ಕೊನೆಯವರೆಗೂ ಕೇಳುವವರು ಮಾತ್ರ ಅಪರೂಪ. ಆಧುನಿಕ ಕೋಚಿಂಗ್ ಹುಟ್ಟಿದ್ದು ಆ ಕೇಳುವಿಕೆಯಿಂದಲೇ. ಟೆನಿಸ್ ತರಬೇತುದಾರ ಟಿಮೊಥಿ ಗಾಲ್ವೆ 1974ರಲ್ಲಿ ಆ ಆಟದ ಬಗ್ಗೆ ಬರೆದ ಪುಸ್ತಕದಲ್ಲಿ ಆಟಗಾರನಿಗೆ ನಿಜವಾದ ಎದುರಾಳಿ ಅವನ ತಲೆಯೊಳಗೇ ಇದ್ದಾನೆ ಎಂದ. ತರಬೇತುದಾರ ಆದೇಶ ಕೊಡುವುದನ್ನು ಕಡಿಮೆ ಮಾಡಿ, ಆಟಗಾರ ತಾನೇ ಗಮನಿಸುವಂತೆ ಮಾಡಬೇಕು ಎಂದ. ಜಾನ್ ವಿಟ್ಮೋರ್ 1992ರಲ್ಲಿ ಅದನ್ನೇ ಕಚೇರಿಗೆ ಒಗ್ಗಿಸಿದ. ಎಲ್ಲಿಗೆ ಹೋಗಬೇಕು, ಈಗ ಎಲ್ಲಿದ್ದೀಯ, ಯಾವ ಯಾವ ದಾರಿಗಳಿವೆ, ಯಾವುದನ್ನು ಹಿಡಿಯುತ್ತೀಯ ಎಂದು ಕೇಳುತ್ತ ಹೋಗುವುದು, ಉತ್ತರವನ್ನು ಬಂದವನಿಂದಲೇ ಹೊರಡಿಸುವುದು. ಕಲಿತು ಮಾಡಿದರೆ ಒಳ್ಳೆಯ ವಿದ್ಯೆ.

ತೊಡಕು ಶುರುವಾಗುವುದೂ ಇಲ್ಲಿಂದಲೇ. ಈ ವಿದ್ಯೆ ಕೇಳುವುದು ಕೋಚ್ ತನ್ನ ಕಥೆಯನ್ನು ಹೊರಗಿಟ್ಟು ಬರಬೇಕು ಎಂದು. ಆದರೆ ನೌಕರಿ ಬಿಟ್ಟು ಬಂದ ಕೋಚ್ ಮಾರುತ್ತಿರುವ ಸರಕೇ ಅವನ ಕಥೆ. ಜಾಹೀರಾತಿನಲ್ಲಿ ತನ್ನ ಆಸ್ಪತ್ರೆ, ತನ್ನ ಕಣ್ಣೀರು, ತನ್ನ ರಾಜೀನಾಮೆಯನ್ನು ಮುಂದಿಟ್ಟವನು ಕೋಣೆಯೊಳಗೆ ಅದನ್ನು ಮರೆತು ಕೂರುವುದು ಸುಲಭವಲ್ಲ. ಎದುರಿಗಿರುವವಳು ತಾಯಿಯ ಡಯಾಲಿಸಿಸ್ ಬಗ್ಗೆ ಹೇಳಲು ಬಾಯಿ ತೆರೆದರೆ ಅವನಿಗೆ ತನ್ನ ಸ್ಟೆಂಟ್ ನೆನಪಾಗುತ್ತದೆ. ಅವಳ ಪ್ರಶ್ನೆಗೆ ಅವನ ಬದುಕೇ ಉತ್ತರವಾಗಿಬಿಡುತ್ತದೆ: ನಾನು ಬಿಟ್ಟೆ, ನೀವೂ ಬಿಡಿ. ಕಾಯಿಲೆ ಬಿದ್ದವನಿಗೆ ತನ್ನ ಕಾಯಿಲೆಯ ಅನುಭವವಿರುತ್ತದೆ, ಅಷ್ಟೆ. ಅದು ಇನ್ನೊಬ್ಬರಿಗೆ ದಾರಿ ತೋರುವ ಅರ್ಹತೆಯಾಗಬೇಕಾದರೆ ನಡುವೆ ಬಹಳಷ್ಟು ಕಲಿಯುವುದಿದೆ.

ಕಸುಬು ಬಿಟ್ಟು ಗುರುವಾದ ಕಥೆ ಈ ಜಿಲ್ಲೆಗೆ ಹೊಸದಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರು ಮಲಾರ ಹೊತ್ತು ಊರೂರು ತಿರುಗಿ ಬಳೆ ಮಾರುತ್ತಿದ್ದವರು. ವ್ಯಾಪಾರ ಕೈಹತ್ತದೆ, ಮನೆಯಲ್ಲಿ ನೆಮ್ಮದಿಯಿಲ್ಲದೆ ಹೊರಟುಹೋದರು ಎಂದು ಆ ಭಾಗದ ಜನ ಹೇಳುತ್ತಾರೆ. ಪರದೇಶಿ ಸ್ವಾಮಿ ಎಂಬ ಗುರು ಬಾಯಿಗೆ ಬೆಣಚುಕಲ್ಲು ಕೊಟ್ಟು, ಇದು ಕಲ್ಲುಸಕ್ಕರೆಯಾಗುವವರೆಗೆ ಜಪ ಮಾಡು ಎಂದರಂತೆ. ಪವಾಡದ ಮಾತನ್ನು ಪಕ್ಕಕ್ಕಿಡೋಣ. ಬಿಟ್ಟುಬಂದ ಮರುದಿನವೇ ಬೋಧನೆಗೆ ಕೂರುವಂತಿಲ್ಲ ಎಂಬ ತಿಳಿವಳಿಕೆ ಆ ಕಥೆಯಲ್ಲಿದೆ. ತಾತಯ್ಯನವರ ಕೀರ್ತನೆ, ಕಾಲಜ್ಞಾನ ಎಲ್ಲ ಬಂದದ್ದು ಗುಹೆಯಲ್ಲಿ ಕೂತು ಜಪಿಸಿದ ಆ ದೀರ್ಘ ಮೌನದ ನಂತರ. ನೋಟಿಸ್ ಪೀರಿಯಡ್ ಮುಗಿಯುವ ಮೊದಲೇ ಪೋಸ್ಟರ್ ಮಾಡಿಸುವ ನಮ್ಮ ಕಾಲಕ್ಕೆ ಇದು ವಿಚಿತ್ರವೆನಿಸಬಹುದು. ಇಂಥ ಎಲ್ಲ ಕಥೆಗಳಿಗೂ, ಹಳೆಯವಕ್ಕೂ ಹೊಸವಕ್ಕೂ, ಒಂದು ಸಮಾನ ಕೊರತೆಯಿದೆ ಎಂಬುದನ್ನೂ ಹೇಳಬೇಕು. ಹೊರಟವನಿಗೆ ಚರಿತ್ರೆಯಿದೆ. ಮನೆಯಲ್ಲಿ ಉಳಿದು ಒಲೆ ಹಚ್ಚಿದವಳ ಮಾತನ್ನು, ತನ್ನ ಸಂಬಳದಲ್ಲಿ ಮನೆಸಾಲದ ಕಂತು ಕಟ್ಟಿದವಳ ಮಾತನ್ನು ಯಾರೂ ದಾಖಲಿಸುವುದಿಲ್ಲ.

ಹಾಗೆ ನೋಡಿದರೆ ಬಿಡುವುದಕ್ಕೂ ಬಂಡವಾಳ ಬೇಕು. ಇದೇ ಜಿಲ್ಲೆಯ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳ ಮನೆಗೆ ಹೋದರೆ ಇದು ಗೊತ್ತಾಗುತ್ತದೆ. ಬಿಸಿನೀರಿನಲ್ಲಿ ಗೂಡು ಬೇಯಿಸಿ, ಅದೇ ನೀರಿಗೆ ಬೆರಳಿಟ್ಟು ಎಳೆ ಹುಡುಕುವ ಹೆಂಗಸರ ಅಂಗೈ ಸುಲಿದಿರುತ್ತದೆ. ಹೊಗೆಗೂ ಸತ್ತ ಹುಳುವಿನ ನಾತಕ್ಕೂ ಉಬ್ಬಸ ಅಂಟಿಕೊಂಡಿರುತ್ತದೆ. ಆರೋಗ್ಯದ ಸಮಸ್ಯೆ, ಸಂಸಾರದ ತಾಪತ್ರಯ ಎರಡೂ ಅಲ್ಲಿ ಧಾರಾಳ. ಆದರೂ ಮರುದಿನ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನಡೆಯುವಾಗ ರೀಲರ್‌ಗಳು ಅಲ್ಲಿರಲೇಬೇಕು. ಮನಸ್ಸಿನ ಕರೆಗೆ ಓಗೊಡಿ ಎಂಬ ಉಪದೇಶ ಉಳಿತಾಯವಿದ್ದವರಿಗೆ ಮಾತ್ರ ಅನ್ವಯಿಸುವುದು ಎಂದು ಪರಿಚಯಪತ್ರದಲ್ಲಿ ಎಲ್ಲೂ ಬರೆದಿರುವುದಿಲ್ಲ.

ಅದೇ ಊರಿನ ಸುತ್ತ ಇನ್ನೊಂದು ಬಗೆಯ ಸಲಹೆಗಾರರಿದ್ದಾರೆ, ರೇಷ್ಮೆ ಇಲಾಖೆಯವರು ಮತ್ತು ಮರಿಹುಳು ಸಾಕುವ ಚಾಕಿ ಕೇಂದ್ರದವರು. ಸೊಪ್ಪಿನ ಎಳಸು, ಮನೆಯ ತೇವ, ಸುಣ್ಣದ ಪುಡಿ ಯಾವಾಗ, ಎಷ್ಟು ಎಂದು ಅವರು ಹೇಳಿದ್ದು ಸರಿಯೋ ತಪ್ಪೋ ಎಂಬುದು ಒಂದೇ ಬೆಳೆಯಲ್ಲಿ, ಸುಮಾರು ಒಂದು ತಿಂಗಳಲ್ಲಿ, ಹುಳು ಗೂಡು ಕಟ್ಟುವ ಚಂದ್ರಿಕೆಯ ಮೇಲೆ ಬಯಲಾಗುತ್ತದೆ. ಹುಳು ಸತ್ತರೆ ರೈತ ಬೀದಿಯಲ್ಲೇ ನಿಲ್ಲಿಸಿ ಕೇಳುತ್ತಾನೆ. ಬದುಕಿನ ಕೋಚ್‌ಗೆ ಈ ಭಯವಿಲ್ಲ. ಗೆದ್ದರೆ ಅದು ಅವನ ಮಾರ್ಗದರ್ಶನ. ಸೋತರೆ ಬಂದವನಲ್ಲಿ ಬದ್ಧತೆಯಿರಲಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಇದ್ದಿದ್ದರೆ ಇಲ್ಲಿ ಒಂದು ಪ್ರಶ್ನೆ ಎಸೆಯುತ್ತಿದ್ದರು ಎನಿಸುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು ಅವರು. ನೀವು ಹೇಳುವುದನ್ನು ನಮ್ಮ ಕಣ್ಣೆದುರು, ಪರೀಕ್ಷೆಯ ಷರತ್ತಿನಲ್ಲಿ ತೋರಿಸಿ ಎಂಬುದಷ್ಟೇ ಅವರ ಬೇಡಿಕೆಯಾಗಿತ್ತು. 1942ರಲ್ಲಿ ಅವರೂ ಓದು ಬಿಟ್ಟು ಚಳವಳಿಗೆ ಧುಮುಕಿ ಜೈಲು ಕಂಡವರು. ಆದರೆ ಪಾಠ ಹೇಳಲು ಅವರು ಆ ತ್ಯಾಗವನ್ನು ನೆಚ್ಚಲಿಲ್ಲ. ಭೌತವಿಜ್ಞಾನ ಓದಿದರು, ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಮಾಡಿದರು, ಬಂದು ಮತ್ತೆ ತರಗತಿಯಲ್ಲಿ ನಿಂತರು.

ಪರೀಕ್ಷೆಗೆ ಒಡ್ಡಬಹುದಾದ ಅಳತೆಗೋಲು ಈ ಕಸುಬಿನಲ್ಲೂ ಸ್ವಲ್ಪಮಟ್ಟಿಗೆ ಇದೆ. 1995ರಲ್ಲಿ ಶುರುವಾದ ಅಂತರರಾಷ್ಟ್ರೀಯ ಕೋಚಿಂಗ್ ಫೆಡರೇಷನ್ ಮೊದಲ ಹಂತದ ಮಾನ್ಯತೆಗೇ ಕನಿಷ್ಠ 60 ಗಂಟೆಗಳ ತರಬೇತಿ, 100 ಗಂಟೆಗಳ ಅಭ್ಯಾಸ ಕೇಳುತ್ತದೆ; ಮುಂದಿನ ಹಂತಕ್ಕೆ 500 ಗಂಟೆ, ಕೊನೆಯದಕ್ಕೆ 2,500. ಆದರೆ ಇದು ಖಾಸಗಿ ಸಂಸ್ಥೆಯ ಮಾನ್ಯತೆ, ಕಾನೂನಿನ ಪರವಾನಗಿಯಲ್ಲ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಕೋಚ್ ಆಗಲು ಒಂದು ಬೋರ್ಡು ಸಾಕು.

ಇನ್ನು ನನ್ನ ದೊಡ್ಡ ತಕರಾರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ರೋಗವೆನ್ನದೆ, ಸರಿಯಾಗಿ ನಿಭಾಯಿಸದೆ ಉಳಿದ ದೀರ್ಘಕಾಲದ ಉದ್ಯೋಗದ ಒತ್ತಡದಿಂದ ಬರುವ ಸ್ಥಿತಿ ಎಂದು ಗುರುತಿಸಿತು. ಅಂದರೆ ಬೇರು ಇರುವುದು ಕೆಲಸದ ಜಾಗದಲ್ಲಿ. 2024ರ ಜುಲೈಯಲ್ಲಿ ಕರ್ನಾಟಕದ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಗೆ ಏರಿಸುವ ಪ್ರಸ್ತಾಪ ಬಂದಾಗ ಬೀದಿಗಿಳಿದದ್ದು ನೌಕರರ ಸಂಘ. ಆ ದುಡಿಮೆಯೇ ತಮ್ಮ ಆರೋಗ್ಯ ಕೆಡಿಸಿತೆಂದು ಸಾರುವ ಕೋಚ್‌ಗಳಿಂದ ಅಂಥ ಗಟ್ಟಿದನಿ ನನ್ನ ಕಿವಿಗಂತೂ ಬೀಳಲಿಲ್ಲ. ಹಲವರಿಗೆ ಗಿರಾಕಿ ಅದೇ ಕಂಪನಿ ತಾನೆ! ದಣಿಸಿದವರೇ ದಣಿವಾರಿಸಲು ಹಣ ಕೊಡುವಾಗ, ನಿಮ್ಮ ಮನಸ್ಸನ್ನು ಗಟ್ಟಿಮಾಡಿಕೊಳ್ಳಿ ಎನ್ನುವುದು ಲಾಭದ ಮಾತು. ಟಾರ್ಗೆಟ್ ಇಳಿಸಿ ಎಂದು ಕಂಪನಿಗೆ ಹೇಳುವುದು ನಷ್ಟದ ಮಾತು. ಕಾರ್ಪೊರೇಟ್ ಬಿಟ್ಟೆನೆಂದವನು ಹಾಗೆ ಸುತ್ತಿ ಬಂದು ಅದರ ಸಂಬಳದಲ್ಲೇ ಇರುತ್ತಾನೆ.

ಕಲಿತು, ಗಂಟೆಗಟ್ಟಲೆ ಅಭ್ಯಾಸ ಮಾಡಿ, ಬಂದವರ ಗುಟ್ಟು ಕಾಪಾಡಿ, ಇದು ನನ್ನ ಕೈಲಾಗುವುದಲ್ಲ ಡಾಕ್ಟರ ಬಳಿ ಹೋಗಿ ಎನ್ನುವಷ್ಟು ಪ್ರಾಮಾಣಿಕರಾದವರು ಈ ಕಸುಬಿನಲ್ಲಿ ಇದ್ದಾರೆ. ಅವರ ಶುಲ್ಕ ದಂಡವಲ್ಲ. ಹುಡುಕುವವರು ಕೋಚ್‌ನ ಕಥೆಯನ್ನು ಬದಿಗಿಟ್ಟು ಮೂರು ಮಾತು ಕೇಳಿ: ಎಲ್ಲಿ ಕಲಿತಿರಿ, ಎಷ್ಟು ಗಂಟೆ ಮಾಡಿದ್ದೀರಿ, ಕಳೆದ ವರ್ಷ ಎಷ್ಟು ಜನರನ್ನು ವೈದ್ಯರ ಬಳಿಗೆ ಕಳಿಸಿದಿರಿ. ಮೂರನೆಯದಕ್ಕೆ ಒಬ್ಬರನ್ನೂ ಇಲ್ಲ ಎಂಬ ಉತ್ತರ ಬಂದರೆ ಎದ್ದು ಬನ್ನಿ. ನಿದ್ದೆ ಕೆಟ್ಟು, ಬದುಕೇ ಬೇಡವೆನಿಸಿದ್ದರೆ ಯಾವ ಶಿಬಿರಕ್ಕೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಇಪ್ಪತ್ತನಾಲ್ಕು ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.