ಸ್ನಿಗ್ಧತೆಯೆಂಬ ಪಾರಿಭಾಷಿಕ ಶಬ್ದ: ಒಂದು ವಿಮರ್ಶೆ

ದ್ರವವು ತನ್ನ ಹರಿವಿಗೆ ತಾನೇ ಒಡ್ಡುವ ತಡೆಯನ್ನು ಕನ್ನಡದ ವಿಜ್ಞಾನ ಪಾಠಪುಸ್ತಕಗಳು ‘ಸ್ನಿಗ್ಧತೆ’ ಎಂದು ಕರೆಯುತ್ತವೆ. ಸ್ನಿಗ್ಧವೆಂದರೆ ಅಂಟುಳ್ಳದ್ದು, ಎಣ್ಣೆಯ ನುಣುಪುಳ್ಳದ್ದು, ಒಲವುಳ್ಳದ್ದು. ಎಣ್ಣೆ, ಜೇನು, ಬೆಲ್ಲದ ಪಾಕ ಇವುಗಳಿಗೆ ಈ ಹೆಸರು ಒಪ್ಪುವುದು. ಖನಿಜದ ಪುಡಿ ಬೆರೆತ ಕರಗಿದ ಪ್ಲಾಸ್ಟಿಕ್ಕಿಗೂ ಇದು ಸಲ್ಲುವುದೇ ಎಂಬುದು ವಿಚಾರಾರ್ಹವಾದುದು.

ಪಾಲಿಪ್ರೊಪಿಲೀನಿಗೆ ಬಿಗುವು ಬರಲೆಂದು ಬಳಪದ ಕಲ್ಲಿನ ಪುಡಿಯನ್ನು ಕೂಡಿಸುವುದುಂಟು. ಆ ಪುಡಿ ಮುಟ್ಟಿದರೆ ನುಣುಪು; ಆದರೂ ಅದು ಸೇರಿದೊಡನೆ ಕರಗಿದ ರಾಶಿಯು ಮಂದವಾಗುವುದು. ಐನ್‌ಸ್ಟೈನನು 1906ರಲ್ಲಿ ಪ್ರಕಟಿಸಿ 1911ರಲ್ಲಿ ತಿದ್ದಿದ ಗಣನೆಯಂತೆ, ವಿರಳವಾಗಿ ಚೆದರಿದ ಗುಂಡು ಕಣಗಳು ಗಾತ್ರದಲ್ಲಿ 100ಕ್ಕೆ 1 ಭಾಗವಿದ್ದರೆ ತಡೆಯು 100ಕ್ಕೆ 2.5ರಷ್ಟು ಏರುವುದು. ಕಣಗಳು ದಟ್ಟೈಸಿದಾಗ ಏರಿಕೆಯು ಈ ಲೆಕ್ಕವನ್ನು ಬಹಳವಾಗಿ ಮೀರುವುದು. ಇಲ್ಲಿ ಹೆಚ್ಚುವುದು ಕಣಗಳ ಇಕ್ಕಟ್ಟೇ ಹೊರತು ಎಣ್ಣೆಯ ಗುಣವಲ್ಲ.

ಇದಕ್ಕೆ ಹತ್ತಿರದ ಉಪಮಾನವು ಕೆಸರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಭತ್ತದ ಗದ್ದೆಗಳಲ್ಲಿ ಬದುವಿಗೆ ಮೆತ್ತಿದ ಕೆಸರು ಜಾರದೆ ನಿಲ್ಲುವುದು. ಅದೇ ಕೆಸರು ತುಳಿತಕ್ಕೆ ಸಿಕ್ಕರೆ ಸಡಿಲಿ ಹರಿಯುವುದು. ಪುಡಿ ದಟ್ಟವಾಗಿ ತುಂಬಿದ ಪ್ಲಾಸ್ಟಿಕ್ ದ್ರವವೂ ಒಂದು ಮಿತಿಯವರೆಗಿನ ಒತ್ತಡಕ್ಕೆ ಕದಲದಿರಬಹುದು; ಇಕ್ಕಟ್ಟಾದ ಕಂಡಿಯಲ್ಲಿ ವೇಗದಿಂದ ನೂಕಿದಾಗ ಸಡಿಲುವುದು, ಬಳಪದ ಚಪ್ಪಟೆ ಕಣಗಳು ಹರಿವಿನ ದಿಕ್ಕಿಗೆ ಸಾಲುಗೊಳ್ಳುವುವು. ಆದಕಾರಣ ಪುಡಿಯ ಪ್ರಭಾವವು ಮೆಲುಹರಿವಿನಲ್ಲಿ ಹೆಚ್ಚು, ಬಿರುಹರಿವಿನಲ್ಲಿ ಕಡಮೆ. ಉಪಮಾನಕ್ಕೂ ಎಲ್ಲೆಯುಂಟು: ಕೆಸರಿನ ನೀರು ತಾನಾಗಿ ಇಂತು ಸಡಿಲುವುದಿಲ್ಲ, ಕರಗಿದ ಪ್ಲಾಸ್ಟಿಕ್ಕಾದರೋ ಪುಡಿಯಿಲ್ಲದೆಯೂ ವೇಗಕ್ಕೆ ಸಡಿಲುವುದು.

ಹೀಗಿರಲು ‘ಸ್ನಿಗ್ಧತೆ’ಯನ್ನು ತ್ಯಜಿಸಬೇಕೆ? ಬೇಕಿಲ್ಲ. ಇಂಗ್ಲಿಷಿನ ‘ವಿಸ್ಕಾಸಿಟಿ’ಯೂ ಹಕ್ಕಿ ಹಿಡಿಯುವ ಅಂಟಿನ ಹೆಸರಾದ ಲ್ಯಾಟಿನ್ ಶಬ್ದದಿಂದಲೇ ಹುಟ್ಟಿದುದು, ರೂಢಿಯೇ ಅದಕ್ಕೆ ಖಚಿತಾರ್ಥವನ್ನು ಕೊಟ್ಟಿತು. ದೋಷವಿರುವುದು ಶಬ್ದದಲ್ಲಲ್ಲ, ಭಿನ್ನವಾದ ಮೂರು ಸಂಗತಿಗಳನ್ನು ಆ ಒಂದರಿಂದಲೇ ಹೇಳಹೊರಡುವುದರಲ್ಲಿ. ಅಳತೆಯ ಹೆಸರಾಗಿ ಸ್ನಿಗ್ಧತೆಯು ಉಳಿಯಲಿ. ಕಣಗಳಿಂದಾದ ದಪ್ಪಕ್ಕೆ ‘ಮಂದತೆ’, ಹರಿವು ತೊಡಗುವ ಮಿತಿಗೆ ‘ಕದಲುವ ಎಲ್ಲೆ’, ವೇಗದಿಂದಾಗುವ ಬದಲಾವಣೆಗೆ ‘ಸಡಿಲಿಕೆ’ ಎಂಬ ಮಾತುಗಳು ಅದರ ಜೊತೆಗೆ ನಿಲ್ಲಲಿ. ಗದ್ದೆಯ ಕೆಸರನ್ನು ಕಂಡ ವಿದ್ಯಾರ್ಥಿಗೆ ಇವುಗಳ ಅರ್ಥವನ್ನು ವಿವರಿಸಬೇಕಾದ ಅಗತ್ಯವೇ ಬೀಳದು.