ಕ್ವಾರ್ನ್: ಬೂಷ್ಟಿನ ಪ್ರೋಟೀನಿನ ಸುರಕ್ಷತೆ

ಜಗತ್ತಿಗೆ ಪ್ರೋಟೀನಿನ ಅಭಾವ ಬಂದೊದಗಲಿದೆಯೆಂಬ ಆತಂಕ ಹಬ್ಬಿದ್ದ 1960ರ ದಶಕದಲ್ಲಿ, ಪಿಷ್ಟವನ್ನು ಪ್ರೋಟೀನಾಗಿ ಮಾರ್ಪಡಿಸಬಲ್ಲ ಸೂಕ್ಷ್ಮಜೀವಿಯನ್ನು ಹುಡುಕುತ್ತಿದ್ದ ಬ್ರಿಟನ್ನಿನ ರ‍್ಯಾಂಕ್ ಹೋವಿಸ್ ಮೆಕ್‌ಡೂಗಲ್ ಕಂಪನಿಗೆ ಮಾರ್ಲೋ ಊರಿನ ಮಣ್ಣಿನಲ್ಲಿ ದೊರೆತದ್ದು ಫ್ಯುಸೇರಿಯಮ್ ವೆನೆನೇಟಮ್ ಎಂಬ ಬೂಷ್ಟು. ಅದರಿಂದ ತಯಾರಾದ ಮೈಕೋಪ್ರೋಟೀನ್, ಅಂದರೆ ಶಿಲೀಂಧ್ರದ ಪ್ರೋಟೀನು, 1985ರಲ್ಲಿ ಕ್ವಾರ್ನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು.

ಫ್ಯುಸೇರಿಯಮ್ ಕುಲದ ಹಲವು ಪ್ರಭೇದಗಳು ಗೋಧಿ, ಮೆಕ್ಕೆಜೋಳಗಳಿಗೆ ರೋಗ ತಂದು ಕಾಳಿನಲ್ಲಿ ವಿಷ ಸೇರಿಸುವಂಥವು. ಆದ್ದರಿಂದ ಈ ಆಹಾರದ ಸುರಕ್ಷತೆ ಬಹುಮಟ್ಟಿಗೆ ತಳಿಯ ಆಯ್ಕೆ, ಬೆಳೆಸುವ ಕ್ರಮ ಹಾಗೂ ವಿಷಾಂಶದ ಪರೀಕ್ಷೆಗಳನ್ನು ಅವಲಂಬಿಸಿದೆ. ಗ್ಲೂಕೋಸ್, ಅಮೋನಿಯಾ ಮತ್ತು ಖನಿಜಗಳನ್ನು ಉಂಡು ವೇಗವಾಗಿ ಬೆಳೆಯುವ ಈ ಜೀವಕೋಶಗಳಲ್ಲಿ ಆರ್‌ಎನ್‌ಎ ಹೇರಳವಾಗಿದ್ದು, ಅದು ದೇಹದಲ್ಲಿ ಯೂರಿಕ್ ಆಮ್ಲವಾಗಿ ಗೌಟ್‌ನಂಥ ತೊಂದರೆಗೆ ದಾರಿಯಾಗಬಹುದಾದ್ದರಿಂದ, ಕೊಯ್ಲಾದ ರಾಶಿಯನ್ನು ಸುಮಾರು 68 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಆರ್‌ಎನ್‌ಎ ಪ್ರಮಾಣವನ್ನು ಶೇಕಡಾ 2ಕ್ಕಿಂತ ಕೆಳಗಿಳಿಸಲಾಗುತ್ತದೆ. ಅನಂತರ ಮೊಟ್ಟೆಯ ಬಿಳಿಭಾಗದಂಥ ಬಂಧಕ ಬೆರೆಸಿ, ಬೇಯಿಸಿ, ಹೆಪ್ಪುಗಟ್ಟಿಸಿದಾಗ ಮಂಜಿನ ಹರಳುಗಳು ಸೂಕ್ಷ್ಮ ತಂತುಗಳನ್ನು ಒತ್ತೊತ್ತಾಗಿ ಸೇರಿಸುವುದರಿಂದ ಕೋಳಿಮಾಂಸದ ನಾರನ್ನು ಹೋಲುವ ರಚನೆ ಮೂಡುತ್ತದೆ.

ತಯಾರಿಕೆಯಲ್ಲಿ ಕಾಣುವ ಈ ಶಿಸ್ತು ಪ್ರಚಾರದಲ್ಲಿ ಕಾಣಲಿಲ್ಲ. 2002ರಲ್ಲಿ ಅಮೆರಿಕವನ್ನು ಪ್ರವೇಶಿಸಿದಾಗ ಕ್ವಾರ್ನ್ ಅಣಬೆಯ ಮೂಲದ್ದೆಂದು ಬಿಂಬಿತವಾಯಿತು; ಅಣಬೆಯೂ ಬೂಷ್ಟೂ ಶಿಲೀಂಧ್ರಗಳೇ ಆದರೂ ಅವುಗಳ ನಂಟು ಬಹು ದೂರದ್ದೆಂದು ಅಲ್ಲಿನ ಬಳಕೆದಾರರ ಸಂಸ್ಥೆ ಸಿಎಸ್‌ಪಿಐ ಆಕ್ಷೇಪಿಸಿ, ವಾಂತಿ ಮತ್ತು ಅಲರ್ಜಿಯ ದೂರುಗಳನ್ನು ಕಲೆಹಾಕಿತು. ತಿಂದವರೇ ಒಪ್ಪಿಸಿದ ಇಂಥ ವರದಿಗಳಿಂದ ತೊಂದರೆ ಎಷ್ಟು ಜನರಲ್ಲಿ ಒಬ್ಬರಿಗೆ ಬರುತ್ತದೆಂದು ಲೆಕ್ಕ ಹಾಕಲಾಗದಿದ್ದರೂ, ಬೂಷ್ಟಿನ ಅಲರ್ಜಿಯುಳ್ಳವರಿಗೆ ಅಪಾಯವಿಲ್ಲವೆನ್ನಲು ಅದು ಆಧಾರವಾಗದು. ಮೈಕೋಪ್ರೋಟೀನ್ ಒಂದು ಬೂಷ್ಟು, ಅಪರೂಪಕ್ಕೆ ಅಲರ್ಜಿ ಉಂಟುಮಾಡಿದ್ದಿದೆ ಎಂಬ ಎಚ್ಚರಿಕೆ ಅಮೆರಿಕದ ಪೊಟ್ಟಣಗಳ ಮೇಲೆ ಬರಲು 2017ರ ನ್ಯಾಯಾಲಯದ ಒಪ್ಪಂದವೇ ಬೇಕಾಯಿತು.

ನಾರು ಹೆಚ್ಚಿ ಕೊಬ್ಬು ತಗ್ಗಿದ ಈ ಆಹಾರ ಬಹುತೇಕರಿಗೆ ನಿರಪಾಯಕಾರಿಯೆಂಬುದನ್ನು ದಶಕಗಳ ಬಳಕೆ ಸಮರ್ಥಿಸುತ್ತದೆ. ಆದರೆ ಆ ಸಮರ್ಥನೆ ಒಂದು ತಳಿಗೆ, ಒಂದು ವಿಧಾನಕ್ಕೆ ಸಂದದ್ದು. ಬೇರೆ ಬೂಷ್ಟುಗಳನ್ನು ಬೇರೆ ಬಗೆಯಲ್ಲಿ ಬೆಳೆಸಿ ಮಾರಲು ಹೊರಟವರು ಅದನ್ನು ತಮ್ಮದೆಂದು ಮುಂದೊಡ್ಡದೆ, ಹೊಸದಾಗಿಯೇ ಪರೀಕ್ಷೆಗೆ ಒಳಗಾಗಬೇಕು.